ಮೊಟ್ಟೆಯ ಬತ್ತಾಸಿಗೇಕೆ ಬಹಿಷ್ಕಾರ?

ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ವಿಚಿತ್ರವಾದ ಮಡಿ ರೂಢಿಯಲ್ಲಿದೆ. ಮೊಟ್ಟೆ ಹಾಕಿದ ಕೇಕನ್ನು ಬೇಕರಿಯ ಮುಂದೆ ಸಾಲಿನಲ್ಲಿ ನಿಂತು ಕೊಂಡು ತಿನ್ನಬಹುದು. ಅದೇ ಮೊಟ್ಟೆಯನ್ನು ಮಗಳು ಮನೆಯಲ್ಲಿ ಒಡೆದರೆ ಮಾತ್ರ ಕುಲಕ್ಕೆ ಕುಂದು. ಈ ನಿಯಮ ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ಆದರೆ ನಾನೂ ಅದನ್ನು ಬಹಳ ನಿಷ್ಠೆಯಿಂದ ಪಾಲಿಸಿದವನು. ಆದ್ದರಿಂದ ಈ ಲೇಖನದಲ್ಲಿ ಬೈಗುಳವೇನಾದರೂ ಕಂಡರೆ ಅದರ ಮೊದಲ ಪಾಲು ನನ್ನದೆಂದು ವಾಚಕರು ತಿಳಿಯಬೇಕು.

ವಿಷಯ ಇಷ್ಟು. ಕಳೆದ ರಾಜ್ಯೋತ್ಸವಕ್ಕೆ ನಮ್ಮ ವಸಾಹತಿನ ಹತ್ತಿಪ್ಪತ್ತು ಕನ್ನಡ ಮನೆಗಳವರು ಸೇರಿ ಒಂದು ಸಣ್ಣ ಸಮಾರಂಭ ಮಾಡಿದೆವು. ಧ್ವಜ, ಹಾಡು, ಭಾಷಣ ಎಲ್ಲ ಆದ ಮೇಲೆ ಸಿಹಿತಿನಿಸುಗಳ ಸ್ಪರ್ಧೆ. ಮೇಜಿನ ಮೇಲೆ ಹೋಳಿಗೆ, ಕರಿಗಡಬು, ಗೋದಿ ಹುಗ್ಗಿ, ಚಿರೋಟಿ, ಅಂಟಿನುಂಡೆ ಕುಳಿತವು. ಕಾಲೇಜಿಗೆ ಹೋಗುವ ನನ್ನ ಮಗಳು ತನ್ನ ಗೆಳತಿಯ ಜೊತೆಗೆ ಆರು ಪುಟ್ಟ ಬಟ್ಟಲು ತಂದಿದ್ದಳು. ಬಿಳಿಯ ಗರಿಗರಿ ಬಟ್ಟಲು, ಅದರೊಳಗೆ ಕರಿಯ ಚಾಕೊಲೇಟು. ನೋಡಿದವರು ‘ಅಬ್ಬಾ’ ಎಂದರು. ಹೇಗೆ ಮಾಡಿದೆ ಎಂದು ಕೇಳಿದರು. ಅವಳು ನಿಜ ಹೇಳಿದಳು. ಕೂಡಲೇ ತಟ್ಟೆಯನ್ನು ಎತ್ತಿ ಮೂಲೆಯ ಸ್ಟೂಲಿನ ಮೇಲೆ ಇಟ್ಟರು. ‘ಸ್ಪರ್ಧೆಗಿಲ್ಲ’ ಎಂದು ಒಂದು ಚೀಟಿಯನ್ನೂ ಅಂಟಿಸಿದರು. ಅದಾದ ಅರ್ಧ ಗಂಟೆಗೆ ಅದೇ ಸಭಾಂಗಣದಲ್ಲಿ ನಮ್ಮವರೊಬ್ಬರ ಮೊಮ್ಮಗನ ಹುಟ್ಟುಹಬ್ಬದ ಕೇಕು ಕತ್ತರಿಸಿದರು. ಅಂಗಡಿಯ ಕೇಕು. ಅದರೊಳಗೆ ಏನಿದೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳದೆ ಒಂದು ತುಂಡು ತಿಂದೆ.

ಈ ತಿನಿಸಿನ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಇದರ ಹೆಸರು ಮೆರಾಂಗ್. ಮೊಟ್ಟೆಯ ಬಿಳಿಭಾಗವನ್ನು ಹಳದಿಯಿಂದ ಬೇರೆ ಮಾಡಿ ಕಡೆಯಬೇಕು. ಬಿಳಿಭಾಗದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ; ಉಳಿದದ್ದು ಬಹುಮಟ್ಟಿಗೆ ಪ್ರೋಟೀನು. ಕಡೆದಾಗ ಆ ಪ್ರೋಟೀನಿನ ಎಳೆಗಳು ಬಿಚ್ಚಿಕೊಂಡು ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತವೆ. ಪಾತ್ರೆಗೆ ಎಣ್ಣೆಯ ಪಸೆ ಇದ್ದರೆ, ಹಳದಿಯ ಒಂದು ಹನಿ ಬಿದ್ದರೆ, ನೊರೆ ಏಳುವುದಿಲ್ಲ. ಮೂರು ಮೊಟ್ಟೆಯ ಬಿಳಿಭಾಗಕ್ಕೆ ಸುಮಾರು 180 ಗ್ರಾಂ ಸಕ್ಕರೆ ಪುಡಿಯನ್ನು ಚಮಚ ಚಮಚವಾಗಿ ಸೇರಿಸಬೇಕು. ಕೊನೆಗೆ ಅರ್ಧ ಚಮಚ ಲಿಂಬೆರಸ. ಚಮಚದಿಂದ ಬಟ್ಟಲಿನ ಆಕಾರಕ್ಕೆ ಹರಡಿ, 100 ಡಿಗ್ರಿ ಕಾವಿನಲ್ಲಿ ಒಂದೂವರೆ ಗಂಟೆ ಇಡಬೇಕು. ಇದು ಬೇಯಿಸುವುದಕ್ಕಿಂತ ಹೆಚ್ಚಾಗಿ ಒಣಗಿಸುವ ಕೆಲಸ. ಆಮೇಲೆ ಕರಗಿಸಿದ ಚಾಕೊಲೇಟಿಗೆ ಬಿಸಿ ಕೆನೆ ಬೆರೆಸಿ ಆರಿದ ಮೇಲೆ ಒಳಗೆ ತುಂಬಬೇಕು. ಜಾತ್ರೆಯ ಬೆಂಡು ಬತ್ತಾಸು ತಿಂದವರಿಗೆ ಇದರ ಗುಣ ಕೂಡಲೇ ತಿಳಿಯುತ್ತದೆ: ಬಾಯಲ್ಲಿ ಇಟ್ಟರೆ ಕರಗುವ, ಗಾಳಿ ತುಂಬಿದ ಸಕ್ಕರೆ. ಇದರ ದೊಡ್ಡ ರೂಪಕ್ಕೆ ರಷ್ಯದ ನರ್ತಕಿ ಆನಾ ಪಾವ್ಲೋವಾಳ ಹೆಸರಿದೆ. ಆಕೆ 1926ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಪ್ರವಾಸ ಮಾಡಿದಳು. ಆ ತಿನಿಸನ್ನು ಮೊದಲು ಮಾಡಿದವರು ನಾವು ನಾವೆಂದು ಎರಡೂ ದೇಶಗಳು ಇನ್ನೂ ಜಗಳವಾಡುತ್ತವೆ. ಗಡಿವಾದದ ನಡುವೆಯೇ ಬೆಳೆದ ನಮಗೆ ಅದರಲ್ಲಿ ಹೊಸದೇನೂ ಇಲ್ಲ.

ಆ ದಿನ ಮೂರು ಆಕ್ಷೇಪಗಳು ಕೇಳಿಬಂದವು. ಒಂದು, ಇದು ಕನ್ನಡದ್ದಲ್ಲ. ಎರಡು, ಇದರಲ್ಲಿ ಮೊಟ್ಟೆಯಿದೆ. ಮೂರು, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಎನ್ನುವುದು ಪಾಶ್ಚಾತ್ಯರ ಸ್ವಾರ್ಥ. ನಮ್ಮದು ಹಂಚಿ ತಿನ್ನುವ ಸಂಸ್ಕೃತಿ. ನಾನು ಮೂರಕ್ಕೂ ತಲೆದೂಗಿದೆ. ಮಗಳು ನನ್ನ ಮುಖ ನೋಡಿದಳು, ಮಾತಾಡಲಿಲ್ಲ. ಇಂದು ಆ ಮೂರಕ್ಕೂ ಉತ್ತರ ಬರೆಯಲು ಕುಳಿತಿದ್ದೇನೆ. ತಡವಾಯಿತು, ನಿಜ. ಸರಕಾರಿ ಕಾರಕೂನನಿಗೆ ಉತ್ತರ ತಡವಾಗಿ ಬರುವುದು ಹೊಸದಲ್ಲ.

ಮೊದಲು ‘ಕನ್ನಡದ್ದಲ್ಲ’ ಎನ್ನುವ ಮಾತು. ಏಕಾದಶಿಯ ದಿನ ಪುಣೆಯಲ್ಲಿ ನಾವೆಲ್ಲ ಭಕ್ತಿಯಿಂದ ಸಾಬೂದಾಣಿ ಖಿಚಡಿ ತಿನ್ನುತ್ತೇವೆ. ಅದರಲ್ಲಿ ಏನೇನಿದೆ? ಸಾಬೂದಾಣಿಯಾಗುವುದು ಮರಗೆಣಸಿನ ಹಿಟ್ಟಿನಿಂದ. ಮರಗೆಣಸು ದಕ್ಷಿಣ ಅಮೆರಿಕದ್ದು. ಶೇಂಗಾ ಅಲ್ಲಿಯದೇ. ಬಟಾಟೆ ಅಲ್ಲಿಯದೇ. ಹಸಿ ಮೆಣಸಿನಕಾಯಿಯೂ ಅಮೆರಿಕದ ಕಡೆಯಿಂದಲೇ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಅಂದರೆ ನಮ್ಮ ಅತಿ ಪವಿತ್ರವಾದ ಉಪವಾಸದ ತಟ್ಟೆಯಲ್ಲಿ ತುಪ್ಪ, ಉಪ್ಪು ಬಿಟ್ಟರೆ ಮಿಕ್ಕದ್ದೆಲ್ಲ ಬಹುಮಟ್ಟಿಗೆ ಪರದೇಶದ್ದು! 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಬರೆದ. ಅವನ ಅಡಿಗೆಮನೆಗೆ ಬ್ಯಾಡಗಿ ಮೆಣಸಿನಕಾಯಿ ಇನ್ನೂ ಕಾಲಿಟ್ಟಿರಲಿಲ್ಲ. ಹಾಗೆಂದು ಬ್ಯಾಡಗಿಯನ್ನು ಸ್ಪರ್ಧೆಯಿಂದ ಹೊರಗಿಡುವವರುಂಟೇ?

ಇನ್ನು ಧಾರವಾಡ ಪೇಢೆ. ಊರಿಂದ ಯಾರೇ ಬರಲಿ, ಪೇಢೆಯ ಡಬ್ಬಿ ಇಲ್ಲದೆ ಬಂದರೆ ನಮಗೆ ಅಸಮಾಧಾನ. ಆ ಪೇಢೆಯನ್ನು ಧಾರವಾಡಕ್ಕೆ ತಂದವರು 19ನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ ಮನೆತನದವರು. ಹೊಟ್ಟೆಪಾಡಿಗೆ ಬಂದವರ ಕೈಯ ಸಿಹಿ ಆ ಊರಿನ ಹೆಸರನ್ನೇ ಹೊತ್ತಿತು. ಧಾರವಾಡದವರು ಅಂದು ‘ಇದು ನಮ್ಮದಲ್ಲ’ ಎಂದು ಚೀಟಿ ಅಂಟಿಸಿದ್ದರೆ ಏನಾಗುತ್ತಿತ್ತು? ನಾವೂ ಹೊಟ್ಟೆಪಾಡಿಗೆ ಬಂದು ಪುಣೆಯಲ್ಲಿ ನೆಲೆಸಿದವರೇ. ವಲಸೆ ಬಂದವರೇ ಹೊಸದಕ್ಕೆ ಬಾಗಿಲು ಹಾಕುವುದು ಶೋಭಿಸುವುದಿಲ್ಲ.

ಚಾಕೊಲೇಟಿನ ಮಾತಂತೂ ನಮಗೆ ನಾಚಿಕೆ ತರಬೇಕು. ಅದು ಕನ್ನಡದ್ದಲ್ಲವೆಂದು ಘೋಷಿಸಿದವರು ಒಮ್ಮೆ ಪುತ್ತೂರಿಗೆ ಹೋಗಿ ಬರಲಿ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. ಕಾಯಿ ಒಡೆದು, ಲೋಳೆ ಹತ್ತಿದ ಬೀಜಗಳನ್ನು ರಾಶಿ ಹಾಕಿ ಐದಾರು ದಿನ ಹುದುಗು ಬರಿಸಿ, ಒಣಗಿಸಿದ ಮೇಲೆಯೇ ಚಾಕೊಲೇಟಿನ ವಾಸನೆ ಹುಟ್ಟುವುದು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಮುಂದೆ ಕೋಕೋ ಬೆಲೆ ಕುಸಿದು ಕೊಳ್ಳುವವರಿಲ್ಲದೆ ರೈತರು ಕಂಗೆಟ್ಟಾಗ ಆ ಸಂಸ್ಥೆಯೇ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ಕನ್ನಡದ ರೈತ ಬೆಳೆದು, ಕನ್ನಡದ ಸಹಕಾರಿ ಸಂಸ್ಥೆ ಅರೆದು ಅಚ್ಚು ಹಾಕಿದ ವಸ್ತುವನ್ನು ಕನ್ನಡದ ಹುಡುಗಿ ಕರಗಿಸಿದರೆ, ಅದು ಎಲ್ಲಿ ಕನ್ನಡವಲ್ಲದ್ದಾಯಿತು ಸ್ವಾಮಿ?

ಎರಡನೆಯದು ಮೊಟ್ಟೆ. ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು. ಮೊಟ್ಟೆ ತಿನ್ನದವರನ್ನು ತಿನ್ನಿರೆಂದು ಒತ್ತಾಯಿಸುವವನು ನಾನಲ್ಲ. ನನ್ನ ತಾಯಿ ಎಪ್ಪತ್ತು ದಾಟಿದವರು. ಇಂದಿಗೂ ಬೇಕರಿಯ ಬಿಸ್ಕೀಟನ್ನೂ ಮುಟ್ಟುವುದಿಲ್ಲ. ಅಂಥವರ ಮುಂದೆ ನಾನು ಕೈಮುಗಿಯುತ್ತೇನೆ. ಅವರ ನೇಮ ಮನೆಯ ಒಳಗೂ ಹೊರಗೂ ಒಂದೇ. ನನ್ನ ಜಗಳ ಇರುವುದು ನನ್ನಂಥವರ ಜೊತೆಗೆ. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ 1955ರಿಂದ ನಡೆಯುತ್ತಿದೆ. ಅದರ ಮುಂದಿನ ಸಾಲಿನಲ್ಲಿ ಕನ್ನಡ ಕಿವಿಗೆ ಬೀಳದ ದಿನವನ್ನು ನಾನು ಕಂಡಿಲ್ಲ. ಇರಾನಿ ಬೇಕರಿಗಳ ಮಾವಾ ಕೇಕಿಗೆ ಮೊಟ್ಟೆ ಹಾಕುವುದು ಸಾಮಾನ್ಯವೆಂಬುದು ಇಡೀ ಪುಣೆಗೆ ಗೊತ್ತು. ಗೊತ್ತಿಲ್ಲದಂತೆ ನಟಿಸುವವರು ನಾವು. ಹೊರಗೆ ತಿಂದರೆ ದೋಷವಿಲ್ಲ, ಒಳಗೆ ಮಾಡಿದರೆ ದೋಷ! ಆದರೆ ದೋಷ ಇರುವುದು ಮೊಟ್ಟೆಯಲ್ಲೋ, ಅದನ್ನು ಒಡೆದ ಹುಡುಗಿಯ ಕೈಯಲ್ಲೋ?

ಮನೆಯಲ್ಲಿ ಮಾಡುವುದರಿಂದಲೇ ನಿಜವಾದ ಮಡಿ ಸಾಧ್ಯ ಎನ್ನುವುದು ನನ್ನ ವಾದ. ಅಂಗಡಿಯ ತಿನಿಸಿನೊಳಗೆ ಏನಿದೆಯೋ ದೇವರೇ ಬಲ್ಲ. ಮನೆಯದರಲ್ಲಿ ಮಗಳು ಬಲ್ಲಳು, ಕೇಳಿದರೆ ಹೇಳುತ್ತಾಳೆ. ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಚಮಚ ಇಡಬಹುದು. ಮಾರುವವರಾದರೆ 2006ರ ಆಹಾರ ಸುರಕ್ಷೆಯ ಕಾಯಿದೆಯಂತೆ ಮನೆಯವರೂ ನೋಂದಾಯಿಸಿಕೊಳ್ಳಬೇಕು. ಮೊಟ್ಟೆ ಹಾಕಿದ ಪೊಟ್ಟಣಕ್ಕೆ ಹಸಿರು ಗುರುತು ಸಲ್ಲದು, ಕಂದು ಗುರುತೇ ಬೇಕು. ಇದನ್ನು ಮುಚ್ಚಿಟ್ಟು ಮಾರುವ ಹೊಸಬರನ್ನೂ ನಾನು ಖಂಡಿಸುತ್ತೇನೆ. ಮುಚ್ಚಿಟ್ಟವರು ಪಾರಾಗುವುದು, ನಿಜ ಹೇಳಿದವಳು ಮೂಲೆ ಸೇರುವುದು, ಇದು ಯಾವ ನ್ಯಾಯ?

ಮೊಟ್ಟೆ ಬೇಡವೇ ಬೇಡ ಎನ್ನುವವರಿಗೂ ದಾರಿಯಿದೆ, ಅದೂ ನಮ್ಮ ಒಲೆಯ ಮೇಲೆಯೇ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟನ್ನು ನಮ್ಮ ತಾಯಂದಿರು ಎಂದೂ ಚೆಲ್ಲಿದವರಲ್ಲ. ಅದರಿಂದಲೇ ಕಟ್ಟಿನ ಸಾರು. ಹಾಗೆಯೇ ಕಾಬೂಲಿ ಕಡಲೆ ಬೇಯಿಸಿದ ಕಟ್ಟನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಕಟ್ಟುತ್ತದೆಂದು 2014ರಲ್ಲಿ ಜೋಯಲ್ ರೋಸೆಲ್ ಎಂಬ ಫ್ರೆಂಚ್ ಗಾಯಕ ಕಂಡುಕೊಂಡ. ಮರುವರ್ಷ ಅಮೆರಿಕದವನೊಬ್ಬ ಅದಕ್ಕೆ ಆಕ್ವಾಫಾಬಾ ಎಂದು ಹೆಸರಿಟ್ಟ. ನಾವು ಅದನ್ನು ಕಟ್ಟು ಎನ್ನೋಣ. ಕಟ್ಟನ್ನು ಮತ್ತೆ ಕುದಿಸಿ ಮೊಟ್ಟೆಯ ಬಿಳಿಯಷ್ಟು ಮಂದ ಮಾಡಿ, ಆರಿಸಿ, ಲಿಂಬೆರಸ ಹಿಂಡಿ ಹತ್ತು ಹದಿನೈದು ನಿಮಿಷ ಕಡೆಯಬೇಕು. ಮೂರು ದೊಡ್ಡ ಚಮಚ ಕಟ್ಟು ಒಂದು ಮೊಟ್ಟೆಗೆ ಸಮ. ನಮ್ಮ ಪುಣೆಯಲ್ಲಿಯೇ ನೆಲೆಸಿರುವ ಪ್ರಾಚಿ ಧಬಲ್ ದೇಬ್ ಅವರನ್ನು ನೋಡಿ. ರಾಯಲ್ ಐಸಿಂಗ್ ಎನ್ನುವುದೂ ಮೊಟ್ಟೆಯ ಬಿಳಿ, ಸಕ್ಕರೆಗಳ ವಿದ್ಯೆಯೇ. ಆಕೆ ಅದನ್ನು ಮೊಟ್ಟೆಯಿಲ್ಲದೆ ಸಾಧಿಸಿ, ಮಿಲಾನಿನ ಕೆಥೆಡ್ರಲನ್ನು 100 ಕಿಲೋ ತೂಕದ ಕೇಕಿನಲ್ಲಿ ಕಟ್ಟಿ ಲಂಡನ್ನಿನ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿದರು. ನಿಷೇಧವನ್ನು ಹೊಸ ವಿದ್ಯೆಯಾಗಿ ಮಾರ್ಪಡಿಸುವವರು ಹೀಗೆ. ನಾವು ಮಾಡಿದ್ದು ಚೀಟಿ ಅಂಟಿಸಿದ್ದು.

ಮೂರನೆಯ ಆಕ್ಷೇಪ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು. ಇದನ್ನು ಕೇಳಿ ನನಗೆ ಈಗ ನಗು ಬರುತ್ತದೆ. ಬಾಳೆಯೆಲೆ ಒಬ್ಬೊಬ್ಬರಿಗೆ ಒಂದಲ್ಲವೇ? ಪಾಯಸದ ದೊನ್ನೆ ಒಬ್ಬೊಬ್ಬರಿಗೆ ಒಂದಲ್ಲವೇ? ಕರಿಗಡಬನ್ನಾಗಲಿ ಉಂಡೆಯನ್ನಾಗಲಿ ನಾಲ್ಕು ಜನ ಸೇರಿ ಕಚ್ಚಿ ತಿನ್ನುವ ಪದ್ಧತಿ ನಮ್ಮಲ್ಲಿ ಯಾವಾಗ ಇತ್ತು? ಎಂಜಲಿನ ವಿಚಾರದಲ್ಲಿ ನಮ್ಮಷ್ಟು ಕಟ್ಟುನಿಟ್ಟಿನವರು ಬೇರೆ ಯಾರೂ ಇಲ್ಲ. ಮೇಲಾಗಿ ಮೆರಾಂಗನ್ನು ದೊಡ್ಡದಾಗಿ ಮಾಡಿ ಚಾಕುವಿನಿಂದ ಕೊಯ್ಯಲು ಹೋದರೆ ಪುಡಿಪುಡಿಯಾಗುತ್ತದೆ. ಸಣ್ಣದು ಒಳಗೂ ಹೊರಗೂ ಸಮನಾಗಿ ಒಣಗುತ್ತದೆ. ಆದ್ದರಿಂದ ಆ ಆಕಾರ ಬಂದದ್ದು ಸ್ವಾರ್ಥದಿಂದಲ್ಲ, ವಸ್ತುವಿನ ಗುಣದಿಂದ. ಆರು ಬಟ್ಟಲನ್ನು ಆರು ಜನಕ್ಕೆ ಕೊಡಲೆಂದೇ ಅವಳು ಹೊತ್ತು ತಂದಿದ್ದಳು. ಹಂಚಿ ತಿನ್ನುವುದು ಇದಲ್ಲದೆ ಮತ್ತೇನು?

ಇನ್ನು ಈ ಮೂರು ಆಕ್ಷೇಪಗಳಿಗಿಂತ ದೊಡ್ಡದಾದ, ಯಾರೂ ಬಾಯಿಬಿಟ್ಟು ಆಡದ ಒಂದು ಮಾತಿಗೆ ಬರುತ್ತೇನೆ. ನಾವು ಸಂಘ ಕಟ್ಟುವುದು, ರಾಜ್ಯೋತ್ಸವ ಮಾಡುವುದು ಯಾತಕ್ಕೆ? ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲಿ ಎಂದು. ಈ ಊರಿನಲ್ಲಿ ನಮ್ಮ ಮಕ್ಕಳ ಶಾಲೆ ಇಂಗ್ಲಿಷಿನದು, ಓಣಿ ಮರಾಠಿಯದು, ಟಿವಿ ಹಿಂದಿಯದು. ಕನ್ನಡಕ್ಕೆ ಉಳಿದಿರುವ ಜಾಗ ಒಂದೇ, ಅಡಿಗೆಮನೆ. ಹದ, ಕಾವು, ಎಳೆಪಾಕ, ಚಿಟಿಕೆ, ನಾದುವುದು, ಕಡೆಯುವುದು, ಬಸಿಯುವುದು, ಸೀದುಹೋಗುವುದು, ಇವನ್ನೆಲ್ಲ ಯಾವ ಪಠ್ಯಪುಸ್ತಕ ಕಲಿಸಿತು? ಒಲೆಯ ಮುಂದೆ ನಿಂತವರ ಬಾಯಿಂದ ಬಂದ ಮಾತುಗಳಿವು. ಅಡಿಗೆಮನೆಯೇ ನಮ್ಮ ಕನ್ನಡ ಶಾಲೆ. ಅದಕ್ಕೆ ಪರವಾನಿಗೆ ಬೇಡ, ಅನುದಾನ ಬೇಡ. ಆ ಶಾಲೆಯಿಂದ ನಾನು ನನ್ನ ಮಗಳನ್ನು ಹೊರಗೆ ಹಾಕಿದೆ.

ಹೇಗೆಂದರೆ, ಕಳೆದ ವರ್ಷ ಅವಳು ಸಣ್ಣ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಿಂದ ಒಂದು ಓವನ್ ಕೊಂಡು ತಂದಳು. ‘ಮೊಟ್ಟೆಯ ಕೆಲಸ ಅಡಿಗೆಮನೆಯಲ್ಲಿ ನಡೆಯಕೂಡದು’ ಎಂದು ನಾನು ಅಪ್ಪಣೆ ಮಾಡಿದೆ. ಅವಳು ಅದನ್ನು ಗ್ಯಾಲರಿಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡಳು. ಮಳೆಗಾಲ ಬಂತು. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆಂದು ಬಿ.ಎಸ್ಸಿ. ಓದಿದ ನನಗೆ ಗೊತ್ತಿರಬೇಕಿತ್ತು. ಅವಳು ಹೊರಗೆ ತೆಗೆದಿಟ್ಟ ಬಟ್ಟಲುಗಳೆಲ್ಲ ಅರ್ಧ ಗಂಟೆಯಲ್ಲಿ ಬೆವೆತು ಅಂಟಂಟಾದವು. ಹಟ ಬಿಡಲಿಲ್ಲ, ಆರುವವರೆಗೂ ಓವನ್ ಒಳಗೇ ಬಿಟ್ಟು, ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುವುದನ್ನು ತಾನೇ ಕಲಿತಳು.

ಶ್ರಾವಣದ ಒಂದು ಮಧ್ಯಾಹ್ನ ನನ್ನ ತಾಯಿ ಸ್ಟೂಲ್ ಎಳೆದುಕೊಂಡು ಗ್ಯಾಲರಿಯ ಬಾಗಿಲಲ್ಲಿ ಕುಳಿತರು.

‘ಏನವ್ವಾ ಇದು? ಜಾತ್ರಿ ಬತ್ತಾಸ ಇದ್ದಂಗ ಅದ ಅಲ್ಲ!’

‘ಅಜ್ಜಿ, ಇದರಾಗ ತತ್ತಿ ಅದ. ಮುಟ್ಟಬ್ಯಾಡ.’

‘ನಾ ಮುಟ್ಟಂಗಿಲ್ಲ, ತಿನ್ನಂಗೂ ಇಲ್ಲ. ನೋಡಬಾರದು ಅಂತ ಎಲ್ಲಿ ಬರದದ?’

ಅಂದಿನಿಂದ ಅದೊಂದು ನಿತ್ಯದ ಪಾಠವಾಯಿತು. ‘ನೊರಿ ಇನ್ನೂ ಸಡ್ಲ ಅದ ನೋಡು’, ‘ಸಕ್ರಿ ಒಮ್ಮೆಗೇ ಸುರೀಬ್ಯಾಡ’, ‘ತುದಿ ನೆಟ್ಟಗ ನಿಂತರ ಹದಾ ಬಂತು ಅನ್ನು’. ಮೆರಾಂಗನ್ನು ಜನ್ಮದಲ್ಲಿ ಕಾಣದ ಮುದುಕಿ ಬೆಣ್ಣೆ ಕಡೆದ ಅನುಭವದಿಂದ ಹದ ಹೇಳುತ್ತಿದ್ದರು, ಮೊಮ್ಮಗಳು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಒಳಗೆ ಪೇಪರ್ ಓದುತ್ತ ಇದನ್ನೆಲ್ಲ ಕೇಳಿಸಿಕೊಂಡರೂ ಅದರ ಬೆಲೆ ನನಗೆ ತಿಳಿದಿರಲಿಲ್ಲ. ತಿಳಿದದ್ದು ನಿಂತ ಮೇಲೆ. ರಾಜ್ಯೋತ್ಸವದ ಮರುದಿನ ಅವಳು ಓವನ್ನಿಗೆ ಪ್ಲಾಸ್ಟಿಕ್ ಹೊದಿಸಿದಳು. ಸಂಕ್ರಾಂತಿಯ ಕೂಟಕ್ಕೆ ಕರೆದರೆ ‘ನಾ ಒಲ್ಲೆ, ನೀವು ಹೋಗಿ ಬರ್ರಿ’ ಎಂದಳು. ಫೋನಿನಲ್ಲಿ ಗೆಳತಿಯರ ಜೊತೆಗೆ ಇಂಗ್ಲಿಷು, ಮರಾಠಿ ನಡೆದೇ ಇತ್ತು. ಅಜ್ಜಿಯ ಜೊತೆಗಿನ ಕನ್ನಡ ‘ಹೂಂ’, ‘ಬ್ಯಾಡ’ ಎನ್ನುವಲ್ಲಿಗೆ ಇಳಿಯಿತು. ಒಂದು ತಟ್ಟೆಯನ್ನು ಮೂಲೆಗೆ ಸರಿಸಿ ನಾವು ಏನನ್ನು ಕಾಪಾಡಿದೆವು? ಕನ್ನಡವನ್ನಂತೂ ಅಲ್ಲ.

ಹಾಗಾದರೆ ಚಿರೋಟಿ, ಕರಿಗಡಬು ಮರೆತುಹೋಗಲಿ ಎನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಇಲ್ಲ. ಆದರೆ ಅವನ್ನು ಕಲಿಸುವವರು ಯಾರು? ಆ ದಿನ ಸ್ಪರ್ಧೆಗೆ ಬಂದ ಚಿರೋಟಿ ಅಂಗಡಿಯದೆಂದು ಆಮೇಲೆ ತಿಳಿಯಿತು. ಅದರ ಮೇಲೆ ಚೀಟಿ ಅಂಟಲಿಲ್ಲ. ಒಲೆಯ ಮುಂದೆ ನಿಲ್ಲುವ ಹವ್ಯಾಸ ಒಮ್ಮೆ ಬಂದರೆ ಇಂದು ಮೆರಾಂಗ್ ಕಲಿತವಳು ನಾಳೆ ಅಜ್ಜಿಯಿಂದ ಹೋಳಿಗೆ ಕಲಿತಾಳು. ಬಾಗಿಲಲ್ಲೇ ತಡೆದರೆ ಎರಡೂ ಇಲ್ಲ. ಇದನ್ನು ಹೆಣ್ಣುಮಕ್ಕಳಿಗಷ್ಟೇ ಹೇಳುತ್ತಿಲ್ಲ. ಗಂಡುಮಕ್ಕಳೂ ಬೀಟರ್ ಹಿಡಿಯಲಿ.

ಆದ್ದರಿಂದ ನನ್ನ ಸೂಚನೆಗಳು ಮೂರು. ಮುಂದಿನ ಸ್ಪರ್ಧೆಯಲ್ಲಿ ತಿನಿಸು ಯಾವ ದೇಶದ್ದೆಂದು ಕೇಳಬೇಡಿ. ಸ್ವಂತ ಕೈಯಿಂದ ಮಾಡಿದ್ದೋ ಇಲ್ಲವೋ ಎಂದು ಕೇಳಿ. ಎರಡನೆಯದು, ಮಾಡಿದ ಬಗೆಯನ್ನು ಕನ್ನಡದಲ್ಲಿ ಐದು ನಿಮಿಷ ವಿವರಿಸಬೇಕೆಂದು ಕಡ್ಡಾಯ ಮಾಡಿ, ಅದಕ್ಕೂ ಅಂಕ ಕೊಡಿ. ಆಗ ನಿಜವಾದ ಕನ್ನಡ ಯಾವ ಮೇಜಿನ ಮೇಲಿದೆಯೆಂದು ಗೊತ್ತಾಗುತ್ತದೆ. ಮೂರನೆಯದು, ಮೊಟ್ಟೆ ಇರುವ ತಟ್ಟೆಗೆ ‘ಮೊಟ್ಟೆ ಇದೆ’ ಎಂದೇ ಚೀಟಿ ಹಚ್ಚಿ ಬೇರೆ ಮೇಜಿನ ಮೇಲಿಡಿ. ಹುಟ್ಟುಹಬ್ಬದ ಕೇಕಿಗೂ ಅದೇ ಚೀಟಿ, ಅದೇ ಮೇಜು. ತಿನ್ನದವರ ನೇಮಕ್ಕೆ ಭಂಗವಿಲ್ಲ, ತಿನ್ನುವವರಿಗೆ ಕಳ್ಳತನದ ಅವಶ್ಯಕತೆಯಿಲ್ಲ.

ನನ್ನ ಮಟ್ಟಿಗೆ, ಸಂಕ್ರಾಂತಿಯ ಮರುದಿನ ಓವನ್ನನ್ನು ಎತ್ತಿ ತಂದು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ದೇವರ ಗೂಡಿಗೆ ಹತ್ತಿರವಾಯಿತೆಂದು ನನ್ನ ಹೆಂಡತಿಗೆ ಸ್ವಲ್ಪ ಅಳುಕಿತ್ತು. ತಾಯಿಯವರೇ ತಮ್ಮ ಪಾತ್ರೆಗಳನ್ನು ಬೇರೆ ಕಪಾಟಿಗೆ ಸರಿಸಿ ಜಾಗ ಮಾಡಿಕೊಟ್ಟರು. ಮಗಳು ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಹದಿನೈದು ದಿನ ಓವನ್ ಹಾಗೆಯೇ ಇತ್ತು. ಹೋದ ಭಾನುವಾರ ಕುಕ್ಕರಿನಲ್ಲಿ ಕಾಬೂಲಿ ಕಡಲೆ ಬೇಯುವ ವಾಸನೆ ಬಂತು. ಆಮೇಲೆ ಒಳಗಿನಿಂದ ಮಾತು ಕೇಳಿಸಿತು: ‘ಅಜ್ಜಿ, ಇದು ಬರೇ ಕಟ್ಟು, ತತ್ತಿ ಇಲ್ಲ. ನೀನೂ ತಿನ್ನಬಹುದು.’

ಆ ಬಟ್ಟಲುಗಳು ಸರಿಯಾಗಿ ನಿಲ್ಲಲಿಲ್ಲ. ಕಟ್ಟು ಇನ್ನೂ ಮಂದ ಆಗಬೇಕಿತ್ತಂತೆ. ತಾಯಿಯವರು ಚೂರನ್ನೇ ಬಾಯಿಗೆ ಹಾಕಿಕೊಂಡು ‘ಸಕ್ರಿ ಜಾಸ್ತಿ ಆತು’ ಎಂದರು. ಅಜ್ಜಿ ಮೊಮ್ಮಗಳ ನಡುವೆ ಅರ್ಧ ಗಂಟೆ ವಾದ ನಡೆಯಿತು, ಎಲ್ಲ ಕನ್ನಡದಲ್ಲಿಯೇ. ಈ ಲೇಖನಕ್ಕೆ ವಿರೋಧವಿದ್ದವರು ಮುಂದಿನ ಸಂಚಿಕೆಯಲ್ಲಿ ಅವಶ್ಯ ಬರೆಯಲಿ. ಆದರೆ ಬರೆಯುವ ಮೊದಲು ತಮ್ಮ ಮನೆಯ ಗ್ಯಾಲರಿಯಲ್ಲಿ ಏನೇನು ಇಟ್ಟಿದ್ದಾರೆಂದು ಒಮ್ಮೆ ನೋಡಿ ಬರಲಿ.